ಕೆಟಲ್‌ಬೆಲ್ ಸ್ವಿಂಗ್ ಇಂಟರ್ವಲ್: ಟೈಮರ್ ಒತ್ತುವ ಮೊದಲು ಏನು, ಆಮೇಲೆ ಏನು

ಕೆಟಲ್‌ಬೆಲ್ ಅಂದರೆ ಮೇಲೆ ಹಿಡಿ ಇರುವ ಕಬ್ಬಿಣದ ಗುಂಡು. ಅದನ್ನು ಕಾಲುಗಳ ನಡುವಿನಿಂದ ಎದೆಯ ಮಟ್ಟಕ್ಕೆ ಬೀಸುವುದು ಸ್ವಿಂಗ್. ಸ್ವಲ್ಪ ಹೊತ್ತು ಬೀಸಿ, ಸ್ವಲ್ಪ ಹೊತ್ತು ಬಿಡುವು ಕೊಟ್ಟು, ಮತ್ತೆ ಬೀಸುವುದು ಇಂಟರ್ವಲ್. ಇದರ ಬಗ್ಗೆ ಒಂದೇ ದೂರು ಮತ್ತೆ ಮತ್ತೆ ಕೇಳಿಬರುತ್ತಿದೆ. "ಇಂಟರ್ವಲ್ ಶುರು ಮಾಡಿ ಎರಡು ವಾರ ಆಯ್ತು, ಸೊಂಟ ಹಿಡ್ಕೊಂಡಿದೆ" ಅನ್ನುತ್ತಾರೆ ಒಬ್ಬರು. "ಹತ್ತು ನಿಮಿಷದ ವರ್ಕೌಟ್ ಅಂತಾರೆ, ನಾಲ್ಕನೇ ನಿಮಿಷಕ್ಕೇ ನನ್ನ ಕೈಲಿ ಆಗಲ್ಲ" ಅನ್ನುತ್ತಾರೆ ಇನ್ನೊಬ್ಬರು. ಇಂಥವರ ವಿಡಿಯೊ ತರಿಸಿ ನೋಡಿದಾಗಲೆಲ್ಲ ನನಗೆ ಕಾಣುವುದು ಒಂದೇ. ದಮ್ಮು ಸಾಕಷ್ಟಿರುತ್ತದೆ, ಕ್ರಮ ತಪ್ಪಿರುತ್ತದೆ. ಸ್ವಿಂಗ್ ಇನ್ನೂ ಮೈಗೆ ಹತ್ತಿರುವುದಿಲ್ಲ, ಅಷ್ಟರಲ್ಲೇ ಟೈಮರ್ ಒತ್ತಿರುತ್ತಾರೆ.

ಟೈಮರ್ ಓಡುವಾಗ ಮೈ ಹೊಸದೇನನ್ನೂ ಕಲಿಯುವುದಿಲ್ಲ. ಸುಸ್ತಾದಷ್ಟೂ ಹಳೆಯ ಚಾಳಿಗೆ ವಾಪಸ್ ಹೋಗುತ್ತದೆ. ಹಾಗಾಗಿ ಇಲ್ಲಿರುವ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ. ಮೊದಲ ನಾಲ್ಕು ಹಂತಕ್ಕೆ ಹೊಸಬರಿಗೆ ಮೂರು ನಾಲ್ಕು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಟೈಮರ್ ಬೇಡವೇ ಬೇಡ.

## ಮೊದಲು ಡಾಕ್ಟರ ಹತ್ತಿರ ಹೋಗಬೇಕಾದವರು

ಹರ್ನಿಯಾ ಇರುವವರು, ಡಿಸ್ಕ್ ತೊಂದರೆ ಅಥವಾ ಸಿಯಾಟಿಕಾ ಇರುವವರು, ಹೃದಯದ ಕಾಯಿಲೆ ಇರುವವರು, ಬಿಪಿ ಹತೋಟಿಗೆ ಬಾರದವರು ಮೊದಲು ಡಾಕ್ಟರನ್ನು ಕೇಳಿ. ಗರ್ಭಿಣಿಯರು, ಈಚೆಗೆ ಹೆರಿಗೆ ಅಥವಾ ಸಿಸೇರಿಯನ್ ಆದವರು, ಹೊಟ್ಟೆಯ ಆಪರೇಷನ್ ಆದವರು ಕೂಡ ಕೇಳಲೇಬೇಕು. ಕೇಳುವಾಗ "ವ್ಯಾಯಾಮ ಮಾಡಬಹುದಾ" ಅಂದರೆ "ಮಾಡಿ" ಅಂತಲೇ ಉತ್ತರ ಬರುತ್ತದೆ. "ಭಾರ ಹಿಡಿದು, ಮುಂದಕ್ಕೆ ಬಗ್ಗಿ, ರಭಸವಾಗಿ ಬೀಸುವ ವ್ಯಾಯಾಮ" ಅಂತ ಬಿಡಿಸಿ ಹೇಳಿ. ಆಗ ಸರಿಯಾದ ಉತ್ತರ ಸಿಗುತ್ತದೆ.

## ಹಂತ 1: ಬೆಲ್, ನೆಲ, ಪಾದ

ಎಷ್ಟು ಕೆಜಿ ಅನ್ನುವುದು ಮೊದಲ ಪ್ರಶ್ನೆ. ವ್ಯಾಯಾಮದ ಅಭ್ಯಾಸ ಇಲ್ಲದ ಹೆಣ್ಣುಮಕ್ಕಳಿಗೆ 8 ಕೆಜಿ, ಸ್ವಲ್ಪ ಅಭ್ಯಾಸ ಇದ್ದರೆ 12. ಗಂಡಸರಿಗೆ 12, ಅಭ್ಯಾಸ ಇದ್ದವರಿಗೆ 16. ತೀರಾ ಹಗುರ ತಗೊಂಡರೂ ತೊಂದರೆ ಇದೆ. 4 ಕೆಜಿ ಬೆಲ್ ಅನ್ನು ತೋಳಿನಿಂದಲೇ ಎತ್ತಿಬಿಡಬಹುದು, ಆಗ ಕಾಲು ಮತ್ತು ಹಿಂಭಾಗದ (ಪೃಷ್ಠದ) ಸ್ನಾಯು ಕೆಲಸವನ್ನೇ ಕಲಿಯುವುದಿಲ್ಲ.

ಒಂದೇ ಎರಕದ ಕಬ್ಬಿಣದ ಬೆಲ್ ಒಳ್ಳೆಯದು. ಕೊಳ್ಳುವಾಗ ಹಿಡಿಯ ಒಳಬದಿಗೆ ಬೆರಳಾಡಿಸಿ. ಎರಕದ ಗೆರೆ ಚೂಪಾಗಿದ್ದರೆ ನೂರು ಸ್ವಿಂಗ್‌ಗೆ ಅಂಗೈ ಕಿತ್ತು ಬರುತ್ತದೆ. ಎರಡೂ ಕೈ ಪಕ್ಕಪಕ್ಕ ಕೂರುವಷ್ಟು ಹಿಡಿ ಅಗಲ ಇರಬೇಕು. ಪ್ಲಾಸ್ಟಿಕ್ ಒಳಗೆ ಸಿಮೆಂಟ್ ತುಂಬಿದ ಬೆಲ್ ಅಗ್ಗ, ಆದರೆ ಗಾತ್ರ ದೊಡ್ಡದು, ತೊಡೆಗೆ ಬಡಿಯುತ್ತದೆ. ತೂಕ ಬದಲಿಸಬಹುದಾದ ಬೆಲ್ ಇದ್ದರೆ ಪ್ರತಿ ಸಲವೂ ಅದರ ಸ್ಕ್ರೂ ಬಿಗಿಯಾಗಿದೆಯಾ ಅಂತ ನೋಡಿ. ಡಂಬಲ್‌ನ ಒಂದು ತುದಿ ಹಿಡಿದು ಬೀಸುವುದು, ನೀರಿನ ಕ್ಯಾನ್ ಬೀಸುವುದು ಬೇಡ. ಕೈ ಜಾರಿದರೆ ಎದುರಿಗೆ ಯಾರಿದ್ದಾರೋ ಅವರಿಗೇ ಹೊಡೆತ.

ನೆಲದ ಮೇಲೆ ರಬ್ಬರ್ ಮ್ಯಾಟ್ ಹಾಸಿ. ಜಮಖಾನೆ, ಚಾಪೆ ಟೈಲ್ಸ್ ಮೇಲೆ ಜಾರುತ್ತವೆ. ಮುಂದೆ ಎಂಟು ಅಡಿ, ಹಿಂದೆ ನಾಲ್ಕು ಅಡಿ ಖಾಲಿ ಇರಲಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬಾಗಿಲ ಚಿಲಕ ಹಾಕಿಕೊಳ್ಳಿ, ಬೆಲ್ ಗಾಳಿಯಲ್ಲಿರುವಾಗ ಓಡಿ ಬರುವ ಮಗುವನ್ನು ತಪ್ಪಿಸಲು ಆಗುವುದಿಲ್ಲ.

ಬರಿಗಾಲು ಅಥವಾ ತಳ ಸಪಾಟಾದ ಶೂ ಸರಿ. ಓಟದ ಶೂಗಳ ಮೆತ್ತನೆ ಹಿಮ್ಮಡಿ ನಿಮ್ಮನ್ನು ಮುಂದಕ್ಕೆ ವಾಲಿಸುತ್ತದೆ. ಉಂಗುರ, ಬಳೆ, ವಾಚು ತೆಗೆದಿಡಿ. ತಾಳಿ ಸರ ಉದ್ದ ಇದ್ದರೆ ಒಳಗೆ ಸೇರಿಸಿ ಪಿನ್ ಹಾಕಿ. ದುಪಟ್ಟಾ ಬೇಡ.

## ಹಂತ 2: ಬಗ್ಗಬೇಕಾದದ್ದು ಸೊಂಟ ಅಲ್ಲ, ತೊಡೆಸಂದು

ಈ ಹಂತದಲ್ಲಿ ಸ್ವಲ್ಪ ನಿಲ್ಲೋಣ. ಹೆಚ್ಚಿನವರು ತಪ್ಪುವುದು ಇಲ್ಲೇ, ಮತ್ತು ಅದಕ್ಕೆ ನಮ್ಮ ಮಾತೂ ಒಂದು ಕಾರಣ.

ಕನ್ನಡದಲ್ಲಿ "ಸೊಂಟ" ಅಂದರೆ ಬೆನ್ನಿನ ಕೆಳಭಾಗವೂ ಹೌದು, ಪಟ್ಟಿ ಕಟ್ಟುವ ಜಾಗವೂ ಹೌದು, ತೊಡೆ ಮೈಗೆ ಸೇರುವ ಕೀಲೂ ಹೌದು. ಟ್ರೈನರ್ "ಸೊಂಟದಿಂದ ಬಗ್ಗಿ" ಅಂದಾಗ ಅವರ ಮನಸ್ಸಿನಲ್ಲಿರುವುದು ತೊಡೆಯ ಕೀಲು. ಕೇಳಿದವರು ಬಗ್ಗಿಸುವುದು ಬೆನ್ನಿನ ಕೆಳಭಾಗ. ಕಸ ಗುಡಿಸುವಾಗ ಬಗ್ಗುತ್ತೀವಲ್ಲ, ಹಾಗೆ. ಬೆನ್ನು ಬಿಲ್ಲಿನಂತೆ ಬಾಗಿರುವಾಗ 12 ಕೆಜಿ ಕಬ್ಬಿಣ ರಭಸವಾಗಿ ಎಳೆದರೆ, ಅದೂ ನೂರು ಸಲ ಎಳೆದರೆ, ನೋವು ಬರದೆ ಇನ್ನೇನು?

ಅದಕ್ಕೇ ನಾನು "ತೊಡೆಸಂದು" ಅನ್ನುತ್ತೇನೆ. ನಿಂತಲ್ಲೇ ಎರಡೂ ಅಂಗೈಗಳ ಅಂಚನ್ನು ತೊಡೆ ಮತ್ತು ಹೊಟ್ಟೆ ಸೇರುವ ಮಡಿಕೆಗೆ ಒತ್ತಿ. ಈಗ ಆ ಮಡಿಕೆ ಕೈಯನ್ನು ಕಚ್ಚುವ ಹಾಗೆ ಹಿಂಭಾಗವನ್ನು ಹಿಂದಕ್ಕೆ ತಳ್ಳಿ. ಬೆನ್ನು ಹಲಗೆಯಂತೆ ನೇರ ಇರಬೇಕು. ಮೊಣಕಾಲು ಸ್ವಲ್ಪ ಮಾತ್ರ ಮಡಿಯಬೇಕು.

ಎರಡೂ ಕೈಯಲ್ಲಿ ನೀರು ತುಂಬಿದ ಕೊಡ ಇದೆ, ಹಿಂದಿನ ಬಾಗಿಲನ್ನು ಮುಚ್ಚಬೇಕು. ಆಗ ಏನು ಮಾಡುತ್ತೀರಿ? ಹಿಂಭಾಗದಿಂದ ಬಾಗಿಲನ್ನು ತಳ್ಳುತ್ತೀರಿ. ಅದೇ ಚಲನೆ ಇದು.

ಗೋಡೆ ಅಭ್ಯಾಸ. ಗೋಡೆಗೆ ಬೆನ್ನು ಹಾಕಿ, ಒಂದು ಗೇಣು ಮುಂದೆ ನಿಲ್ಲಿ. ಹಿಂಭಾಗ ಗೋಡೆಗೆ ತಾಗುವ ತನಕ ಹಿಂದಕ್ಕೆ ತಳ್ಳಿ, ಎದ್ದು ನಿಲ್ಲಿ. ತಾಗಿತಾ? ಎರಡು ಬೆರಳು ಮುಂದೆ ಸರಿಯಿರಿ. ಹೀಗೆ ಸರಿಯುತ್ತಾ ಹೋಗಿ, ಇನ್ನು ಸರಿದರೆ ಹಿಂದಕ್ಕೆ ಬೀಳುತ್ತೇನೆ ಅನ್ನುವ ಜಾಗದಲ್ಲಿ ನಿಲ್ಲಿಸಿ. ತೊಡೆಯ ಹಿಂಬದಿ ಹಗ್ಗದಂತೆ ಬಿಗಿಯಾಗಬೇಕು. ಮೊಣಕಾಲು ಮುಂದಕ್ಕೆ ಹೋದರೆ ಅದು ಬಸ್ಕಿ, ಸ್ವಿಂಗ್ ಅಲ್ಲ.

ಕೋಲು ಅಭ್ಯಾಸ. ನೆಲ ಒರೆಸುವ ಮಾಪ್‌ನ ಕೋಲು ಸಾಕು. ಅದನ್ನು ಬೆನ್ನ ಉದ್ದಕ್ಕೂ ಹಿಡಿಯಿರಿ. ತಲೆಯ ಹಿಂಭಾಗ, ರೆಕ್ಕೆಮೂಳೆಗಳ ನಡುವೆ, ಬೆನ್ನುಮೂಳೆಯ ತುದಿ, ಈ ಮೂರು ಕಡೆ ಕೋಲು ತಾಗಿರಬೇಕು. ಬಗ್ಗುವಾಗ ಒಂದು ಕಡೆ ಬಿಟ್ಟುಕೊಂಡರೂ ಬೆನ್ನು ಬಾಗಿತು ಅಂತಲೇ ಅರ್ಥ. ತಲೆ ಮೇಲೆತ್ತಿ ಕನ್ನಡಿ ನೋಡುವ ಚಾಳಿ ಇದ್ದವರಿಗೆ ಮೊದಲು ತಲೆಯ ಹತ್ತಿರವೇ ಕೋಲು ಬಿಡುತ್ತದೆ.

ದಿನಕ್ಕೆ ಮೂವತ್ತು ಸಲ, ಐದು ದಿನ. ಬೇಸರ ಬರುತ್ತದೆ, ಗೊತ್ತು. ಆದರೂ ಬಿಡಬೇಡಿ. ಈ ಐದು ದಿನ ಉಳಿಸಲು ಹೋದವರೇ ಆಮೇಲೆ ಐದು ವಾರ ಬೆಲ್ ಮುಟ್ಟಲಾಗದೆ ಕೂತಿದ್ದನ್ನು ನೋಡಿದ್ದೇನೆ.

## ಹಂತ 3: ನೆಲದಿಂದ ಎತ್ತುವುದು, ಆಮೇಲೆ ಒಂದೊಂದೇ ಸ್ವಿಂಗ್

ಬೆಲ್ ಅನ್ನು ಎರಡೂ ಹಿಮ್ಮಡಿಗಳ ನಡುವೆ ಇಡಿ. ಹಿಂಭಾಗ ಹಿಂದಕ್ಕೆ ತಳ್ಳಿ ಬಗ್ಗಿ, ಹಿಡಿಯಿರಿ, ಪಾದದಿಂದ ನೆಲವನ್ನು ಒತ್ತಿ ಎದ್ದು ನಿಲ್ಲಿ. ನಿಂತಾಗ ಹಿಂಭಾಗವನ್ನು ಬಿಗಿ ಮಾಡಿ. ಇದು ಡೆಡ್‌ಲಿಫ್ಟ್. ಹತ್ತರಂತೆ ಮೂರು ಸೆಟ್, ಒಂದು ದಿನ ಬಿಟ್ಟು ಒಂದು ದಿನ, ಒಂದು ವಾರ. ಬೆಲ್ ಇನ್ನೂ ಬಂದಿಲ್ಲ ಅಂದರೆ ಗಟ್ಟಿ ಹಿಡಿ ಇರುವ ಚೀಲದಲ್ಲಿ ಹತ್ತು ಕೆಜಿ ರಾಗಿ ತುಂಬಿ ಇದೊಂದನ್ನು ಅಭ್ಯಾಸ ಮಾಡಬಹುದು. ಚೀಲವನ್ನು ಬೀಸಲು ಮಾತ್ರ ಹೋಗಬೇಡಿ.

ಮುಂದಿನ ವಾರ ಒಂದೊಂದೇ ಸ್ವಿಂಗ್. ಈಗ ಬೆಲ್ ಕಾಲ್ಬೆರಳಿನಿಂದ ಒಂದು ಅಡಿ ಮುಂದಿರಲಿ. ಬಗ್ಗಿ ಹಿಡಿದು ಬೆಲ್ ಅನ್ನು ನಿಮ್ಮ ಕಡೆ ಸ್ವಲ್ಪ ವಾಲಿಸಿ. ಮುಂಗೈ ತೊಡೆಯ ಒಳಬದಿಗೆ ತಾಗುವಂತೆ, ಕಾಲುಗಳ ನಡುವೆ ಹಿಂದಕ್ಕೆ ಜೋರಾಗಿ ಎಳೆದು ಬಿಡಿ. ಅಲ್ಲಿಂದ ಚಟ್ಟನೆ ಎದ್ದು ನಿಲ್ಲಿ. ಬೆಲ್ ತಾನೇ ಮೇಲೆ ಬರುತ್ತದೆ. ವಾಪಸ್ ಕಾಲ ನಡುವೆ ಹೋಗಲು ಬಿಟ್ಟು, ಮುಂದೆ ಬರುವಾಗ ಮೊದಲಿನ ಜಾಗದಲ್ಲೇ ನೆಲಕ್ಕಿಡಿ. ಉಸಿರು ತಗೊಳ್ಳಿ. ಮತ್ತೆ ಒಂದು.

ಹೀಗೆ ನಿಲ್ಲಿಸಿ ನಿಲ್ಲಿಸಿ ಮಾಡುವುದರಲ್ಲಿ ಎರಡು ಲಾಭ. ಪ್ರತಿ ಸ್ವಿಂಗ್ ಹೊಸದಾಗಿ ಸರಿಯಾಗಿ ಶುರುವಾಗುತ್ತದೆ. ಬೆಲ್ ಅನ್ನು ಇಳಿಸುವುದೂ ಅಭ್ಯಾಸವಾಗುತ್ತದೆ. "ಸೆಟ್ ಎಲ್ಲ ಚೆನ್ನಾಗಿತ್ತು, ಕೊನೆಗೆ ಇಡುವಾಗ ಚಳಕು ಬಂತು" ಅನ್ನುವವರು ಬಹಳ ಜನ. ಕೊನೆಯ ಸ್ವಿಂಗ್ ಆಯಿತು ಅಂತ ಮೈ ಸಡಿಲ ಬಿಟ್ಟು, ಬೆನ್ನು ಬಾಗಿಸಿ ಬೆಲ್ ಇಡುತ್ತಾರೆ. ಬೆಲ್ ನೆಲ ಮುಟ್ಟಿ ಕೈ ಬಿಡುವ ತನಕ ಸೆಟ್ ಮುಗಿದಿಲ್ಲ.

## ಹಂತ 4: ಸಾಲಾಗಿ ಸ್ವಿಂಗ್

ಪಂಚಮಿಯ ಜೋಕಾಲಿ ನೆನಪಿಸಿಕೊಳ್ಳಿ. ಕೂತವರನ್ನು ಯಾವಾಗ ತಳ್ಳುತ್ತೀರಿ? ಜೋಕಾಲಿ ಪೂರ್ತಿ ಹಿಂದೆ ಬಂದು ನಿಂತ ಗಳಿಗೆಯಲ್ಲಿ. ನಡುವೆ ಕೈ ಹಾಕಿದರೆ ಲಯ ಕೆಡುತ್ತದೆ, ಕೈಗೂ ಪೆಟ್ಟು. ಸ್ವಿಂಗ್‌ನ ಒಳಗುಟ್ಟೂ ಇಷ್ಟೇ. ಬೆಲ್ ಹಿಂದೆ ತುದಿ ಮುಟ್ಟಿದಾಗ ಒಂದು ಜೋರಾದ ತಳ್ಳು, ಅದೂ ತೊಡೆಸಂದಿನಿಂದ. ಮಿಕ್ಕ ದಾರಿಯಲ್ಲಿ ಬೆಲ್ ತಾನಾಗಿ ಹೋಗುತ್ತದೆ, ಬರುತ್ತದೆ. ನಿಮ್ಮ ಕೈ ಬರೀ ಹಗ್ಗ.

ಮೇಲೆ ಬಂದಾಗ ಬೆಲ್ ಎದೆಯ ಮಟ್ಟದಲ್ಲಿ ಒಂದು ಕ್ಷಣ ತೇಲಿದಂತೆ ಆಗುತ್ತದೆ. ಆಗ ನೀವು ನೆಟ್ಟಗೆ ಕಂಬದಂತೆ ನಿಂತಿರಬೇಕು. ಮೊಣಕಾಲು ನೇರ, ಹಿಂಭಾಗ ಬಿಗಿ, ಹೊಟ್ಟೆ ಯಾರೋ ಗುದ್ದುತ್ತಾರೆ ಅನ್ನುವಷ್ಟು ಗಟ್ಟಿ. ಹಿಂದಕ್ಕೆ ವಾಲಬೇಡಿ. ವಾಲಿದರೆ ಬೆನ್ನಿನ ಕೆಳಭಾಗ ಚಿವುಟಿದಂತಾಗುತ್ತದೆ.

ಇಳಿಯುವಾಗ ಅವಸರ ಬೇಡ. ಬೆಲ್ ಕೆಳಗೆ ಬರಲು ಶುರುವಾದ ಕೂಡಲೇ ಎಲ್ಲರೂ ಬಗ್ಗಿಬಿಡುತ್ತಾರೆ. ಆಗ ಬೆಲ್ ಮೊಣಕಾಲಿಗಿಂತ ಕೆಳಗೆ ಹೋಗಿ ಬೆನ್ನನ್ನು ಕೆಳಕ್ಕೆ ಜಗ್ಗುತ್ತದೆ. ತೋಳಿನ ಮೇಲ್ಭಾಗ ಪಕ್ಕೆಲುಬಿಗೆ ತಾಗುವ ತನಕ ನಿಂತೇ ಇರಿ. ತಾಗಿದ ಮೇಲೆ ಹಿಂಭಾಗವನ್ನು ಹಿಂದಕ್ಕೆ ತಳ್ಳಿ. "ಇನ್ನೇನು ಬೆಲ್ ಬಂದು ನನಗೇ ಬಡಿಯುತ್ತೆ" ಅನ್ನಿಸಬೇಕು, ಆಗ ದಾರಿ ಬಿಡಬೇಕು. ಬೆಲ್ ಯಾವಾಗಲೂ ಮೊಣಕಾಲಿಗಿಂತ ಮೇಲೇ, ತೊಡೆಸಂದಿನ ಹತ್ತಿರವೇ ಹಾದುಹೋಗಲಿ.

ಉಸಿರು: ಎದ್ದು ನಿಂತಾಗ ಬಾಯಿಂದ "ಹ್ಸ್" ಅಂತ ಚುಟುಕಾಗಿ ಬಿಡಿ. ಇಳಿಯುವಾಗ ಮೂಗಿನಿಂದ ಎಳೆಯಿರಿ. ಉಸಿರು ಕಟ್ಟಿಕೊಂಡು ಹತ್ತು ಸ್ವಿಂಗ್ ಮಾಡುವವರಿಗೆ ತಲೆ ಸುತ್ತುತ್ತದೆ.

ಕೈಯಿಂದ ಎತ್ತುತ್ತಿದ್ದೀರಾ ಅಂತ ಅನುಮಾನ ಇದ್ದರೆ ಹಗುರ ಬೆಲ್‌ನ ಹಿಡಿಗೆ ತೆಳ್ಳಗಿನ ಟವೆಲ್ ತೂರಿಸಿ, ಟವೆಲ್‌ನ ಎರಡು ತುದಿ ಗಟ್ಟಿಯಾಗಿ ಹಿಡಿದು ಐದು ಸ್ವಿಂಗ್ ಮಾಡಿ. ತೋಳು, ಟವೆಲ್, ಬೆಲ್ ಒಂದೇ ಗೆರೆಯಲ್ಲಿದ್ದರೆ ಸರಿ. ಟವೆಲ್ ಮಡಿದು ಬೆಲ್ ಜೋತುಬಿದ್ದರೆ ಎತ್ತುತ್ತಿರುವುದು ಭುಜ.

ಟೈಮರ್ ಮುಟ್ಟುವ ಮೊದಲಿನ ಪರೀಕ್ಷೆ. ಮೊಬೈಲನ್ನು ಪಕ್ಕದಿಂದ, ನಿಮ್ಮ ತೊಡೆಯ ಎತ್ತರದಲ್ಲಿಟ್ಟು ವಿಡಿಯೊ ಮಾಡಿ. ಹತ್ತರಂತೆ ಐದು ಸೆಟ್ ಸ್ವಿಂಗ್, ನಡುವೆ ಬೇಕಾದಷ್ಟು ಬಿಡುವು. ಐದನೇ ಸೆಟ್‌ನ ಹತ್ತನೇ ಸ್ವಿಂಗ್ ಮೊದಲ ಸ್ವಿಂಗ್ ಹಾಗೇ ಕಂಡರೆ ಮುಂದೆ ಹೋಗಿ. ಮರುದಿನ ಬೆನ್ನು ಹಿಡಿದಿರಬಾರದು ಅನ್ನುವುದೂ ಪರೀಕ್ಷೆಯ ಭಾಗವೇ.

## ಹಂತ 5: ಐದು ನಿಮಿಷ ಮೈ ಬಿಸಿ ಮಾಡಿ

ಊಟವಾಗಿ ಎರಡು ಗಂಟೆ ಆಗಿರಲಿ. ಮಾರ್ಜಾಲಾಸನ (ಕೈ, ಮಂಡಿ ಊರಿ ಬೆನ್ನನ್ನು ಮೇಲಕ್ಕೂ ಕೆಳಕ್ಕೂ ಬಾಗಿಸುವುದು) ಎಂಟು ಸಲ. ಸೇತುಬಂಧಾಸನದಲ್ಲಿ (ಅಂಗಾತ ಮಲಗಿ, ಮಂಡಿ ಮಡಿಸಿ ಹಿಂಭಾಗ ಮೇಲೆತ್ತುವುದು) ಹಿಂಭಾಗ ಬಿಗಿ ಹಿಡಿದು ಮೂರು ಉಸಿರು, ಐದು ಸಲ. ದಿನವಿಡೀ ಕುರ್ಚಿಯಲ್ಲಿ ಕೂರುವವರು ಆಂಜನೇಯಾಸನವನ್ನು (ಒಂದು ಕಾಲು ಮುಂದಿಟ್ಟು, ಹಿಂದಿನ ಮಂಡಿ ನೆಲಕ್ಕೂರುವುದು) ಬಿಡಲೇಬಾರದು. ತೊಡೆಯ ಮುಂಭಾಗ ಬಿಗಿದಿದ್ದರೆ ಮೇಲೆ ನೆಟ್ಟಗೆ ನಿಲ್ಲಲು ಆಗದೆ ಬೆನ್ನು ವಾಲುತ್ತದೆ. ಆಮೇಲೆ ಗೋಡೆ ಅಭ್ಯಾಸ ಹತ್ತು, ಡೆಡ್‌ಲಿಫ್ಟ್ ಐದು, ಬಿಡಿ ಸ್ವಿಂಗ್ (ಹಂತ 3ರ ಒಂದೊಂದೇ ಸ್ವಿಂಗ್) ಐದು. ಸಾಕು.

## ಹಂತ 6: ನಿಮ್ಮ ಮಟ್ಟದ ಇಂಟರ್ವಲ್

ಲೆಕ್ಕ ಮೊದಲು ತಿಳಿದಿರಲಿ. ಎರಡು ಕೈ ಸ್ವಿಂಗ್ ಒಂದಕ್ಕೆ ಹೆಚ್ಚು ಕಡಿಮೆ ಒಂದೂವರೆ ಸೆಕೆಂಡ್. ಹತ್ತು ಸ್ವಿಂಗ್‌ಗೆ 15 ಸೆಕೆಂಡ್, ಇಪ್ಪತ್ತಕ್ಕೆ 30. ನಾನು ಎಲ್ಲರಿಗೂ ಸ್ವಿಂಗ್ ಎಣಿಸಿ ಅನ್ನುತ್ತೇನೆ. ಸೆಕೆಂಡ್ ನೋಡಿಕೊಂಡು ಮಾಡಿದರೆ ಕೊನೆಗೆ "ಇನ್ನೆರಡು ಹೊಡೆದುಬಿಡೋಣ" ಅನ್ನುವ ಅವಸರ ಬರುತ್ತದೆ, ಆ ಎರಡರಲ್ಲೇ ಬೆನ್ನು ಬಾಗುತ್ತದೆ. ಟೈಮರ್ ಬೇಕಾಗಿರುವುದು ಬಿಡುವನ್ನು ಅಳೆಯಲು. ಸೆಕೆಂಡ್ ಮುಳ್ಳಿರುವ ಗೋಡೆ ಗಡಿಯಾರ ಇದ್ದರೂ ನಡೆಯುತ್ತದೆ.

ಇನ್ನೊಂದು ಅಳತೆ ಮಾತು. ಮುಂದಿನ ಸೆಟ್ ಶುರು ಮಾಡುವ ಮೊದಲು "ನಾಳೆ ಬೆಳಿಗ್ಗೆ ತರಕಾರಿ ತರಬೇಕು" ಅನ್ನುವಷ್ಟು ಉದ್ದದ ವಾಕ್ಯವನ್ನು ಒಂದೇ ಉಸಿರಿಗೆ ಹೇಳಲು ಬರಬೇಕು. ಬರಲಿಲ್ಲವಾ? ಆ ನಿಮಿಷ ಬಿಟ್ಟುಬಿಡಿ, ಮುಂದಿನ ನಿಮಿಷಕ್ಕೆ ಸೇರಿಕೊಳ್ಳಿ. ಹೀಗೆ ಬಿಡುವುದು ಸೋಲಲ್ಲ, ಇಂಟರ್ವಲ್‌ನ ಅರ್ಥವೇ ಅದು.

ಬಿಡುವಿನಲ್ಲಿ ಕೂರಬೇಡಿ, ಮಲಗಬೇಡಿ. ಜೋರಾಗಿ ಮಾಡಿ ತಕ್ಷಣ ಕೂತರೆ ರಕ್ತ ಕಾಲಿನಲ್ಲೇ ನಿಂತು ಕಣ್ಣು ಕತ್ತಲೆ ಬರಬಹುದು. ನಿಧಾನ ಓಡಾಡಿ, ಕೈ ಕೊಡವಿ.

ಅರೆ ಮಟ್ಟ: ಐವತ್ತೈದು ದಾಟಿದವರು, ತೂಕ ತುಂಬಾ ಜಾಸ್ತಿ ಇರುವವರು, ಡಾಕ್ಟರು ಒಪ್ಪಿದ ಬಿಪಿಯವರು. ಇವರಿಗೆ ಗಡಿಯಾರವೇ ಬೇಡ. ಹಂತ 3ರ ಬಿಡಿ ಸ್ವಿಂಗ್ ಐದು. ಮೂಗಿನಲ್ಲೇ ಆರಾಮಾಗಿ ಉಸಿರಾಡುವಂತೆ ಆಗುವ ತನಕ ಓಡಾಟ. ಮತ್ತೆ ಐದು. ಆರು ಸೆಟ್. ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಮಾತ್ರೆ ತಗೊಳ್ಳುವವರು ಸ್ಮಾರ್ಟ್‌ವಾಚ್ ತೋರಿಸುವ ಹೃದಯ ಬಡಿತವನ್ನು ನಂಬಿ ಕೂರಬೇಡಿ. ಆ ಮಾತ್ರೆಗಳು ಬಡಿತ ಏರದಂತೆ ತಡೆಯುತ್ತವೆ. ಮೈ ಸುಸ್ತಾಗಿದ್ದರೂ ಅಂಕಿ ಕಡಿಮೆಯೇ ಕಾಣಿಸುತ್ತದೆ. ಮಾತಿನ ಅಳತೆಯೇ ನಿಮಗೆ ಸರಿ.

ಮೊದಲ ಮಟ್ಟ: ಪರೀಕ್ಷೆ ಪಾಸಾದ ಹೊಸಬರು. ಪ್ರತಿ ನಿಮಿಷದ ಶುರುವಿನಲ್ಲಿ ಸ್ವಿಂಗ್, ಆ ನಿಮಿಷದ ಉಳಿದ ಭಾಗ ಬಿಡುವು. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಖಾಲಿ.

1. ಮೊದಲ ಎರಡು ವಾರ: ನಿಮಿಷಕ್ಕೆ 5 ಸ್ವಿಂಗ್, 8 ನಿಮಿಷ. ಒಟ್ಟು 40.
2. ಮೂರು, ನಾಲ್ಕನೇ ವಾರ: ನಿಮಿಷಕ್ಕೆ 8, 8 ನಿಮಿಷ. ಒಟ್ಟು 64.
3. ಐದು, ಆರನೇ ವಾರ: ನಿಮಿಷಕ್ಕೆ 10, 8 ನಿಮಿಷ. ಒಟ್ಟು 80.
4. ಏಳನೇ ವಾರದಿಂದ: ನಿಮಿಷಕ್ಕೆ 10, 10 ನಿಮಿಷ. ಒಟ್ಟು 100.

ಮೊದಲ ವಾರ ಸುಲಭ ಅನ್ನಿಸುತ್ತದೆ. ಅನ್ನಿಸಲಿ. ಅಂಗೈಯ ಚರ್ಮ, ಮುಂಗೈ, ಬೆನ್ನಿನ ಸ್ನಾಯು ಇವೆಲ್ಲ ದಮ್ಮಿಗಿಂತ ನಿಧಾನವಾಗಿ ಪಳಗುತ್ತವೆ. ದಮ್ಮು ಇದೆ ಅಂತ ಮೂರನೇ ದಿನವೇ ನೂರಕ್ಕೆ ಹಾರುವವರು ಎರಡನೇ ವಾರಕ್ಕೆ ನಿಲ್ಲುವುದು ಇದೇ ಕಾರಣಕ್ಕೆ. ಬಸ್ಸು ಹಿಡಿಯಲು ಓಡಿ ರೂಢಿ ಇರುವವರು, ಕ್ರಿಕೆಟ್ ಆಡುವವರು ಈ ತಪ್ಪು ಜಾಸ್ತಿ ಮಾಡುತ್ತಾರೆ.

ನಡು ಮಟ್ಟ. ಹತ್ತು ನಿಮಿಷದ ನೂರು ಸ್ವಿಂಗ್ ಅನ್ನು ಸತತ ಮೂರು ಸಲ, ಒಂದು ನಿಮಿಷವನ್ನೂ ಬಿಡದೆ ಮಾಡಿದವರು ಇಲ್ಲಿಗೆ ಬನ್ನಿ. ವಾರದ ಮೂರು ದಿನ ಮೂರು ರೀತಿ.

ಒಂದು ದಿನ 20 ಸೆಕೆಂಡ್ ಕೆಲಸ, 40 ಸೆಕೆಂಡ್ ಬಿಡುವು. ಅಂದರೆ 13 ಸ್ವಿಂಗ್, ಹತ್ತು ಸುತ್ತು, ಒಟ್ಟು 130. ಇನ್ನೊಂದು ದಿನ ಒಂದು ಸೈಜ್ ಭಾರದ ಬೆಲ್. 12 ಇದ್ದವರಿಗೆ 16, 16 ಇದ್ದವರಿಗೆ 20. ನಿಮಿಷಕ್ಕೆ 8 ಸ್ವಿಂಗ್, ಎಂಟು ಸುತ್ತು ಮಾತ್ರ. ಮೂರನೇ ದಿನ ಉದ್ದದ ಸೆಟ್: 20 ಸ್ವಿಂಗ್, ಆಮೇಲೆ ಪೂರ್ತಿ 60 ಸೆಕೆಂಡ್ ಬಿಡುವು, ಆರು ಸುತ್ತು. ಅಭ್ಯಾಸವಾದಂತೆ ಎಂಟು ಸುತ್ತಿಗೆ ಹೋಗಿ.

ಭಾರದ ದಿನವನ್ನು ಬಿಟ್ಟು ಬರೀ ಹಗುರ ಬೆಲ್‌ನಲ್ಲಿ ಸ್ವಿಂಗ್ ಸಂಖ್ಯೆ ಏರಿಸುತ್ತಾ ಹೋಗುವವರನ್ನು ನೋಡಿ ನನಗೆ ಬೇಸರವಾಗುತ್ತದೆ. ಭಾರ ಇದ್ದಾಗ ಕೈಯಿಂದ ಕದಿಯಲು ಆಗುವುದಿಲ್ಲ, ತೊಡೆಸಂದು ಕೆಲಸ ಮಾಡಲೇಬೇಕು. ಸ್ವಿಂಗ್ ತಿದ್ದುವುದಕ್ಕೆ ಅದಕ್ಕಿಂತ ಒಳ್ಳೆಯ ಗುರು ಸಿಗುವುದಿಲ್ಲ.

ಮೇಲಿನ ಮಟ್ಟ. ವರ್ಷದ ಹತ್ತಿರ ಬಿಡದೆ ಮಾಡಿದವರಿಗೆ. 30 ಸೆಕೆಂಡ್ ಕೆಲಸ, 30 ಸೆಕೆಂಡ್ ಬಿಡುವು, ಹತ್ತು ಸುತ್ತು, ಒಟ್ಟು 200 ಸ್ವಿಂಗ್. ವಾರಕ್ಕೆ ಒಂದು ಸಲ ಸಾಕು. ಇನ್ನೊಂದು ದಿನ ಒಂಟಿ ಕೈ ಸ್ವಿಂಗ್: ನಿಮಿಷಕ್ಕೆ 10, ಒಂದು ನಿಮಿಷ ಬಲಗೈ, ಮುಂದಿನ ನಿಮಿಷ ಎಡಗೈ, ಹತ್ತು ನಿಮಿಷ. ಒಂಟಿ ಕೈಯಲ್ಲಿ ಬೆಲ್ ನಿಮ್ಮನ್ನು ತಿರುಗಿಸಲು ನೋಡುತ್ತದೆ. ಎರಡೂ ಭುಜ ಮುಂದಕ್ಕೇ ಮುಖ ಮಾಡಿರಬೇಕು. ಮೂರನೇ ದಿನ ಭಾರದ ಬೆಲ್, ನಿಮಿಷಕ್ಕೆ 10.

ತಬಾಟಾ ಬಗ್ಗೆ ಬಹಳ ಜನ ಕೇಳುತ್ತಾರೆ. 20 ಸೆಕೆಂಡ್ ಕೆಲಸ, 10 ಸೆಕೆಂಡ್ ಬಿಡುವು, ಎಂಟು ಸುತ್ತು, ನಾಲ್ಕೇ ನಿಮಿಷ. ಕೇಳಲು ಚೆನ್ನಾಗಿದೆ. ಆದರೆ 1996ರಲ್ಲಿ ಜಪಾನಿನ ಇಝುಮಿ ತಬಾಟಾ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನ ನಡೆದದ್ದು ವ್ಯಾಯಾಮ ಸೈಕಲ್ ಮೇಲೆ, ಯುವ ವಿದ್ಯಾರ್ಥಿಗಳನ್ನು ಇಟ್ಟುಕೊಂಡು. ಏಳೆಂಟು ಸುತ್ತಿಗೆ ಪೂರ್ತಿ ಬಸವಳಿಯುವಷ್ಟು ಜೋರಾಗಿ ಅವರು ತುಳಿದರು. ಸೈಕಲ್ ಮೇಲೆ ಬಸವಳಿದರೆ ಪೆಡಲ್ ನಿಲ್ಲುತ್ತದೆ, ಅಷ್ಟೇ. ಬೆಲ್ ಹಿಡಿದು ಬಸವಳಿದರೆ ಹಿಡಿತ ಸಡಿಲವಾಗುತ್ತದೆ, ಬೆನ್ನು ಬಾಗುತ್ತದೆ. ಹತ್ತು ಸೆಕೆಂಡಿನಲ್ಲಿ ಬೆಲ್ ಇಡಲು ಮೂರು, ಎತ್ತಲು ಮೂರು ಹೋದರೆ ಉಳಿಯುವುದೆಷ್ಟು? ಸ್ವಿಂಗ್‌ಗೆ ಈ ಪದ್ಧತಿ ಹೊಂದುವುದಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ತಬಾಟಾ ಬೇಕೇ ಬೇಕು ಅಂದರೆ ಸೈಕಲ್ ಮೇಲೆ ಮಾಡಿ.

## ಹಂತ 7: ಏರಿಸುವಾಗ ಒಂದು ಸಲಕ್ಕೆ ಒಂದೇ

ಮೊದಲು ಒಂದು ಸೆಟ್‌ನ ಸ್ವಿಂಗ್ ಸಂಖ್ಯೆ, ಆಮೇಲೆ ಸುತ್ತು, ಆಮೇಲೆ ಬಿಡುವು ಕಡಿಮೆ, ಕೊನೆಗೆ ತೂಕ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಕೆಟ್ಟಿತು ಅಂತ ಗೊತ್ತಾಗುವುದಿಲ್ಲ. ಮುಖ್ಯ ಬೆಲ್ ಅನ್ನೇ ಭಾರದ್ದಕ್ಕೆ ಬದಲಿಸಿದಾಗ ನಾಚಿಕೆ ಇಲ್ಲದೆ ಮೊದಲ ಮಟ್ಟಕ್ಕೆ ವಾಪಸ್ ಹೋಗಿ, ನಿಮಿಷಕ್ಕೆ 5ರಿಂದ ಶುರು ಮಾಡಿ. ಈ ಸಲ ಬೇಗ ಏರುತ್ತೀರಿ. ಪ್ರತಿ ನಾಲ್ಕನೇ ವಾರ ಸುತ್ತುಗಳನ್ನು ಅರ್ಧಕ್ಕೆ ಇಳಿಸಿ.

ಕೈ ಬೆವರುವವರು, ಅದರಲ್ಲೂ ಕರಾವಳಿಯವರು, ಜಿಮ್ ಚಾಕ್ ಪುಡಿ ಸ್ವಲ್ಪ ಹಚ್ಚಿಕೊಳ್ಳಿ. ಹಿಡಿಯನ್ನು ಅಂಗೈ ಮಧ್ಯಕ್ಕೆ ಒತ್ತಿ ಹಿಡಿಯದೆ ಬೆರಳಿನ ಬುಡದಲ್ಲಿ ಕೊಕ್ಕೆಯಂತೆ ಹಿಡಿದರೆ ಗುಳ್ಳೆ ಕಡಿಮೆ. ಸ್ನಾನದ ನಂತರ ಗಟ್ಟಿ ಚರ್ಮವನ್ನು ಹಿಮ್ಮಡಿ ಉಜ್ಜುವ ಕಲ್ಲಿನಲ್ಲಿ ಮೆಲ್ಲಗೆ ಉಜ್ಜಿ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರಿನ ಕಡೆಯವರು ಸೂರ್ಯ ಏರುವ ಮೊದಲೇ ಮುಗಿಸಿ.

## ಮರುದಿನ ಎಲ್ಲಿ ನೋವು?

ಹಿಂಭಾಗ ಮತ್ತು ತೊಡೆಯ ಹಿಂಬದಿ ಹಿತವಾಗಿ ನೊಂದರೆ ಸ್ವಿಂಗ್ ಸರಿ ಇದೆ. ತೊಡೆಯ ಮುಂಭಾಗ ನೊಂದರೆ ನೀವು ಬಸ್ಕಿ ಹೊಡೆದಿದ್ದೀರಿ, ಗೋಡೆ ಅಭ್ಯಾಸಕ್ಕೆ ಹೋಗಿ. ಭುಜ, ಕುತ್ತಿಗೆ ನೊಂದರೆ ಕೈಯಿಂದ ಎತ್ತಿದ್ದೀರಿ, ಹಂತ 4ರ ಟವೆಲ್ ಅಭ್ಯಾಸಕ್ಕೆ ಹೋಗಿ. ಮೊಣಕೈ ನೋಯುತ್ತಿದ್ದರೆ ಹಿಡಿಯನ್ನು ಹಿಂಡುತ್ತಿದ್ದೀರಿ.

ಬೆನ್ನಿನ ಕೆಳಭಾಗ ನೊಂದರೆ ವಿಡಿಯೊ ನೋಡಲೇಬೇಕು. ಕಾರಣ ಮೂರರಲ್ಲಿ ಒಂದಿರುತ್ತದೆ: ಮೇಲೆ ಹಿಂದಕ್ಕೆ ವಾಲಿದ್ದು, ಕೆಳಗೆ ಬೇಗ ಬಗ್ಗಿದ್ದು, ಇಡುವಾಗ ಬೆನ್ನು ಸಡಿಲ ಬಿಟ್ಟಿದ್ದು. ನೋವು ಹೋಗುವ ತನಕ ಸ್ವಿಂಗ್ ಬೇಡ, ಹೋದ ಮೇಲೆ ಹಂತ 2ರಿಂದ ಶುರು. ನೋವಿನ ಮಾತ್ರೆ ತಗೊಂಡು ಇಂಟರ್ವಲ್ ಮಾಡುವ ಸಾಹಸ ಯಾರೂ ಮಾಡಬಾರದು.

## ತಕ್ಷಣ ನಿಲ್ಲಿಸಬೇಕಾದ ಸೂಚನೆಗಳು

ಬೆಲ್‌ನ ಎತ್ತರ ಎದೆಯಿಂದ ಹೊಟ್ಟೆಗೆ ಇಳಿಯಿತು, ಹಿಮ್ಮಡಿ ಏಳತೊಡಗಿತು, ಹಿಡಿ ಬೆರಳಿನ ತುದಿಗೆ ಜಾರಿತು ಅಂದರೆ ಅಂದಿನ ವ್ಯಾಯಾಮ ಮುಗಿಯಿತು. ಐದನೇ ಸುತ್ತಾದರೂ ಸರಿ. ಬೆಲ್ ಕೈಯಿಂದ ಜಾರಿಯೇ ಹೋದರೆ ಹಿಡಿಯಲು ಹೋಗಬೇಡಿ, ಪಾದ ಹಿಂದಕ್ಕೆ ತಗೊಳ್ಳಿ.

ಎದೆಯಲ್ಲಿ ಒತ್ತಿದಂತಾಗುವುದು, ಎಡಗೈ ಅಥವಾ ದವಡೆಗೆ ನೋವು ಹರಿಯುವುದು, ತಣ್ಣನೆ ಬೆವರು, ಕಣ್ಣು ಕತ್ತಲೆ ಬರುವುದು. ಇವು ಕಂಡರೆ "ಗ್ಯಾಸ್ ಇರಬೇಕು" ಅಂತ ಕಾಯಬೇಡಿ. ಕರ್ನಾಟಕದಲ್ಲಿದ್ದರೆ 108ಕ್ಕೆ ಕರೆ ಮಾಡಿ.

ಬೆನ್ನಿನಿಂದ ಕಾಲಿಗೆ ಕರೆಂಟ್ ಹೊಡೆದಂತೆ ನೋವು ಇಳಿದರೆ, ಪಾದ ಜೋಮು ಹಿಡಿದರೆ ಡಾಕ್ಟರ ಹತ್ತಿರ ಹೋಗಿ. ಜೊತೆಗೆ ಮೂತ್ರ ಕಟ್ಟಿಕೊಂಡರೆ, ಹತೋಟಿ ತಪ್ಪಿದರೆ ಒಂದು ಗಂಟೆಯೂ ತಡ ಮಾಡಬೇಡಿ. ಮಿತಿಮೀರಿ ಮಾಡಿದ ಒಂದೆರಡು ದಿನದಲ್ಲಿ ಸ್ನಾಯು ಊದಿಕೊಂಡು, ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ ಅದು ಬರೀ ನೀರು ಕಡಿಮೆಯಾದದ್ದಲ್ಲ. ಸ್ನಾಯು ಒಡೆದು ಅದರ ಅಂಶ ಕಿಡ್ನಿಗೆ ಹೋಗುತ್ತಿರಬಹುದು. ಆವತ್ತೇ ಆಸ್ಪತ್ರೆಗೆ ಹೋಗಬೇಕು. "ಒಂದೇ ದಿನ ಐನೂರು ಸ್ವಿಂಗ್" ಥರದ ಪಂಥ ಹೊಸಬರಿಗೆ ಬೇಡ ಅನ್ನುವುದು ಇದಕ್ಕೇ.

## ನಡುವೆ ಬಿಟ್ಟುಹೋದರೆ

ಹಬ್ಬ, ಮದುವೆ, ಊರಿಗೆ ಹೋಗುವುದು, ಇವೆಲ್ಲ ಇದ್ದದ್ದೇ. ಒಂದು ವಾರ ಬಿಟ್ಟಿದ್ದರೆ ಅದೇ ಮಟ್ಟ, ಎರಡು ಸುತ್ತು ಕಡಿಮೆ. ಎರಡು ಮೂರು ವಾರ ಬಿಟ್ಟಿದ್ದರೆ ಒಂದು ಮಟ್ಟ ಕೆಳಗೆ. ತಿಂಗಳು ದಾಟಿದ್ದರೆ ವಿಡಿಯೊ ಪರೀಕ್ಷೆ ಮತ್ತೆ ಮಾಡಿ. ಡೆಂಗಿ, ಟೈಫಾಯ್ಡ್ ಥರದ ಜ್ವರದಿಂದ ಎದ್ದವರು ಡಾಕ್ಟರು ಹ್ಞೂಂ ಅನ್ನುವ ತನಕ ಬೆಲ್ ಮುಟ್ಟಬೇಡಿ. ಮುಟ್ಟಿದ ಮೊದಲ ದಿನ ಡೆಡ್‌ಲಿಫ್ಟ್ ಹತ್ತು, ಬಿಡಿ ಸ್ವಿಂಗ್ ಐದು, ಅಷ್ಟಕ್ಕೇ ಬೆಲ್ ಅನ್ನು ಮೂಲೆಗಿಡಿ.